ಕಾರಿನ ಪೂರ್ವಾಶ್ರಮ

ಋಷಿಮೂಲ, ನದೀಮೂಲ ಕೇಳಬಾರದು ಎನ್ನುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮಾತ್ರ ಮೊದಲು ಕೇಳುವುದೇ ಮೂಲವನ್ನು. ಕಳೆದ ತಿಂಗಳು ಅಪ್ಪಯ್ಯನ ಹಳೆಯ ಫಿಯೆಟ್ ಮಾರುವುದೆಂದು ತೀರ್ಮಾನಿಸಿ ನಾಲ್ಕು ಫೋಟೊ ತೆಗೆದು ಹಾಕಿದ್ದೆ. ಠಾಣೆಯಿಂದ ಒಬ್ಬ ಹುಡುಗ ಬಂದ. ಮೂವತ್ತು ದಾಟಿರಲಾರದು. ಬೈಕುಲ್ಲಾದ ಗ್ಯಾರೇಜಿನಲ್ಲಿ ನಿಂತಿದ್ದ ಕಾರಿಗೆ ಎರಡು ಸುತ್ತು ಬಂದು, ಬಾನೆಟ್ ಎತ್ತಿ ನೋಡಿ, ಬೆಲೆ ಕೇಳುವ ಮೊದಲೇ "ಇದರ ಹಿಸ್ಟರಿ ಏನು ಸರ್?" ಎಂದ.

ನಾನು ಚಿಕ್ಕಂದಿನಿಂದ ಕೇಳುತ್ತ ಬಂದದ್ದನ್ನೇ ಹೇಳಿದೆ. 1975ರ ಪದ್ಮಿನಿ. ಮೊದಲು ಒಬ್ಬ ಪಾರ್ಸಿ ಡಾಕ್ಟರರ ಹತ್ತಿರ ಇತ್ತು. 1986ರಲ್ಲಿ ನಮ್ಮ ತಂದೆ ಕೊಂಡರು. ಮುಂಬಯಿಯಲ್ಲಿ ಇದ್ದವರಿಗೆ ಈ ಮಾತಿನ ತೂಕ ಗೊತ್ತು. ಪಾರ್ಸಿಯವರ ಕಾರು ಎಂದರೆ ದಿನಾ ಒರೆಸಿ, ವಾರಕ್ಕೊಮ್ಮೆ ಅಗ್ಯಾರಿಗೆ ಹೋಗಿ ಬಂದು, ಮಿಕ್ಕ ದಿನ ನೆರಳಿನಲ್ಲಿ ನಿಂತ ಗಾಡಿ. ಜಾಹೀರಾತಿನಲ್ಲಿ ಆ ಎರಡು ಪದ ಕಂಡರೆ ಬೆಲೆ ಒಂದು ಮೆಟ್ಟಿಲು ಮೇಲೆ. ಹುಡುಗನ ಮುಖ ಅರಳಿತು. ಅಡ್ವಾನ್ಸ್ ಕೊಡುತ್ತೇನೆ ಎಂದ, ಬಾಗಿಲಿನ ತುಕ್ಕು ಸರಿಯಾಗಲಿ ಆಮೇಲೆ ನೋಡೋಣ ಎಂದೆ. ಐದು ದಿನ ಬಿಟ್ಟು ಗ್ಯಾರೇಜಿನ ಮಿಸ್ತ್ರಿ ಫೋನ್ ಮಾಡಿ, ಸಾಬ್ ಒಮ್ಮೆ ಬಂದು ನೋಡಿ ಎಂದ. ಅವನು ತೋರಿಸಿದ್ದೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದನ್ನು ನೋಡಿ ಬಂದ ರಾತ್ರಿ ನನಗೆ ನೆನಪಾದದ್ದು ನಾನು ಎಂದೂ ಕಣ್ಣಾರೆ ನೋಡದ, ಆದರೆ ವರ್ಷಗಳಿಂದ ಓದುತ್ತ ಬಂದ ಇನ್ನೊಂದು ಇಟಾಲಿಯನ್ ಕಾರು.

ಅದು 1939ರ ಆಲ್ಫಾ ರೋಮಿಯೊ 6ಸಿ 2500. ಆರು ಸಿಲಿಂಡರು, ಎರಡೂವರೆ ಲೀಟರಿನ ಎಂಜಿನ್. ಮೈ ಕಟ್ಟಿದವರು ಮಿಲಾನಿನ ತೂರಿಂಗ್ ಎಂಬ ಸಂಸ್ಥೆಯವರು. ಕಾರಿನ ಜೊತೆ ಬಂದಿರುವ ಕಥೆ ಹೀಗಿದೆ: ಮುಸೊಲಿನಿ ಇದನ್ನು ತನ್ನ ಪ್ರೇಯಸಿ ಕ್ಲಾರಾ ಪೆಟಾಚಿಗೆ ಉಡುಗೊರೆಯಾಗಿ ಕೊಟ್ಟ. 1945ರ ಏಪ್ರಿಲ್ 27ರಂದು ಕೊಮೊ ಸರೋವರದ ದಡದ ಡೊಂಗೊ ಎಂಬ ಊರಿನ ಬಳಿ, ಓಡಿಹೋಗುತ್ತಿದ್ದ ವಾಹನಗಳ ಸಾಲನ್ನು ಪ್ರತಿರೋಧದ ಹೋರಾಟಗಾರರು ತಡೆದರು. ಮುಸೊಲಿನಿ ಜರ್ಮನ್ ಸೈನಿಕರ ಕೋಟು ತೊಟ್ಟು ಅವರ ಲಾರಿಯಲ್ಲಿ ಅಡಗಿದ್ದ. ಪೆಟಾಚಿಯ ಆಲ್ಫಾ ಅದೇ ಸಾಲಿನಲ್ಲಿ ಇತ್ತಂತೆ. ಮರುದಿನ ಇಬ್ಬರನ್ನೂ ಗುಂಡಿಟ್ಟು ಕೊಂದರು. ಕಾರು ಒಬ್ಬ ಅಮೆರಿಕನ್ ಸೇನಾಧಿಕಾರಿಯ ಕೈ ಸೇರಿ ಹಡಗು ಹತ್ತಿತು. ಅಲ್ಲಿ ಕೆಲವು ದಿನ ಓಡಿ, ಕೆಟ್ಟು, ಒಂದು ಹಳ್ಳಿಯ ಹೊಲಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 1960ರ ದಶಕದಲ್ಲಿ ಅದನ್ನು ಕೊಂಡವರು ಇದೇನೋ ಹಳೇ ಆಲ್ಫಾ ಎಂದಷ್ಟೇ ತಿಳಿದಿದ್ದರಂತೆ. ಕಥೆ ಆಮೇಲೆ ಬಂದು ಕೂತಿತು.

ಕಥೆ ಆಮೇಲೆ ಬಂದು ಕೂರುವುದು ಆ ಕಾಲದ ಇಟಾಲಿಯನ್ ಕಾರುಗಳಲ್ಲಿ ವಿಶೇಷವಲ್ಲ. ಅವು ಹುಟ್ಟುವ ರೀತಿಯೇ ಹಾಗಿತ್ತು. ಇಂದು ನಾವು ಶೋರೂಮಿನಿಂದ ತರುವ ಕಾರಿನಲ್ಲಿ ಮೈ ಮತ್ತು ಅಸ್ಥಿಪಂಜರ ಬೇರೆ ಬೇರೆ ಅಲ್ಲ. ಆಗ ಕಾರ್ಖಾನೆಯವರು ಚಾಸಿ, ಎಂಜಿನ್, ಚಕ್ರ ಕೊಡುತ್ತಿದ್ದರು. ಹಣವುಳ್ಳವರು ಅದನ್ನು ತಮಗೆ ಬೇಕಾದ ಕೋಚ್‌ಬಿಲ್ಡರ್ ಹತ್ತಿರ ಕಳಿಸಿ ಮೈ ಹೊಲಿಸಿಕೊಳ್ಳುತ್ತಿದ್ದರು. ಹೆದ್ದಾರಿಯಲ್ಲಿ ಬರಿಯ ಚಾಸಿಯ ಮೇಲೆ ಒಂದು ಸೀಟು ಕಟ್ಟಿಕೊಂಡು, ಮುಖಕ್ಕೆ ಟವಲು ಸುತ್ತಿ, ಲಾರಿಯನ್ನು ಬಾಡಿ ಕಟ್ಟಿಸಲು ಓಡಿಸಿಕೊಂಡು ಹೋಗುವ ಡ್ರೈವರನ್ನು ನಾವೆಲ್ಲ ನೋಡಿದ್ದೇವಲ್ಲ, ಅದೇ ಪದ್ಧತಿ. ಕೆಲಸಗಾರರು ಮಾತ್ರ ಬೇರೆ ದರ್ಜೆಯವರು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನದ ಕೆಲಸ ಕಲಿತ ಊಗೊ ಜಗಾಟೊ 1919ರಲ್ಲಿ ಮಿಲಾನಿನಲ್ಲಿ ಅಂಗಡಿ ತೆರೆದ. 1926ರಲ್ಲಿ ತೂರಿಂಗ್ ಬಂತು, 1930ರಲ್ಲಿ ತೂರಿನ್ ನಗರದಲ್ಲಿ ಪಿನಿನ್ ಫರೀನಾ. ತೂರಿಂಗಿನವರು 1936ರ ಹೊತ್ತಿಗೆ ಸೂಪರ್‌ಲೆಜ್ಜೆರಾ ಎಂಬ ವಿಧಾನ ಕಂಡುಕೊಂಡರು. ಹೆಸರಿನ ಅರ್ಥ ಅತಿ ಹಗುರ ಎಂದು. ಸಪೂರ ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರ ಮಾಡಿ, ಮೇಲೆ ಅಲ್ಯುಮಿನಿಯಂ ತಗಡನ್ನು ಕೈಯಿಂದ ತಟ್ಟಿ ಹೊದಿಸುವುದು. ದೀಪಾವಳಿಯ ಗೂಡುದೀಪ ಕಟ್ಟಿದವರಿಗೆ ತಟ್ಟನೆ ಅರ್ಥವಾಗುವ ತಂತ್ರ, ಬಿದಿರಿನ ಕಡ್ಡಿಯ ಜಾಗದಲ್ಲಿ ಉಕ್ಕು, ಕಾಗದದ ಜಾಗದಲ್ಲಿ ಲೋಹ.

ಕೈಯಿಂದ ತಟ್ಟಿದ್ದರಿಂದ ಎರಡು ಕಾರು ಒಂದೇ ಥರ ಇರುತ್ತಿರಲಿಲ್ಲ. ಮೈ ಬೇರೆ, ಚಾಸಿ ಬೇರೆ ಆದ್ದರಿಂದ ಫ್ಯಾಶನ್ ಬದಲಾದಾಗ ಹಳೆಯ ಮೈ ಕಳಚಿ ಹೊಸದು ಹಾಕಿಸಬಹುದಿತ್ತು. ಕಳಚಿದ್ದು ಮತ್ತೊಂದು ಚಾಸಿಯ ಮೇಲೆ ಹೋಗಿ ಕೂರುತ್ತಿತ್ತು. ಎಂಭತ್ತು ವರ್ಷದ ಮೇಲೆ ಇಬ್ಬರು ಶ್ರೀಮಂತರು ಎದುರುಬದುರು ನಿಂತು, ನನ್ನ ಹತ್ತಿರ ಆ ಕಾರಿನ ನಂಬರಿದೆ ಎಂದು ಒಬ್ಬ, ಆ ಕಾರಿನ ಮೈ ನನ್ನ ಹತ್ತಿರ ಇದೆ ಎಂದು ಇನ್ನೊಬ್ಬ ಜಗಳ ಆಡಿದರೆ ಯಾರು ನಿಜ ಹೇಳುತ್ತಿದ್ದಾರೆ? ಇದು ತಮಾಷೆಯ ಜಗಳವಲ್ಲ. 2016ರಲ್ಲಿ ತೂರಿಂಗ್ ಮೈಯ ಒಂದು ಆಲ್ಫಾ ರೋಮಿಯೊ 8ಸಿ 2900ಬಿ ಅಮೆರಿಕದ ಹರಾಜಿನಲ್ಲಿ 1.98 ಕೋಟಿ ಡಾಲರಿಗೆ ಹೋಯಿತು. ಅಷ್ಟು ಹಣ ಲೋಹಕ್ಕೆ ಯಾರೂ ಕೊಡುವುದಿಲ್ಲ. ಅಂಥದೇ ಆಕಾರವನ್ನು ಇಂದು ಒಳ್ಳೆಯ ಕಮ್ಮಾರ ತಟ್ಟಿ ಕೊಡಬಲ್ಲ. ಕೊಡುವುದು "ಇದು ಅದೇ" ಎಂಬ ಎರಡು ಪದಕ್ಕೆ.

"ಅದೇ" ಎಂದರೇನು ಎಂದು ಒಮ್ಮೆ ಇಂಗ್ಲೆಂಡಿನ ನ್ಯಾಯಾಲಯವೇ ತೀರ್ಮಾನಿಸಬೇಕಾಯಿತು. ಕಾರು ಇಟಲಿಯದಲ್ಲ, 1929 ಮತ್ತು 1930ರಲ್ಲಿ ಲ ಮಾನ್ ರೇಸು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ. ಗೆದ್ದ ಮೇಲೂ ಓಡಿತು, ಎಂಜಿನ್ ಬದಲಾಯಿತು, ಚಾಸಿ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ದಂಡೆ ಹಾರಿ ಬಿದ್ದು ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡ. ಉಳಿದದ್ದನ್ನು ಮತ್ತೆ ಕಟ್ಟಿದರು. ಮುಂದೆ ಅದನ್ನು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದ ಆದಾಗ, ಕೊಳ್ಳುವ ಕಂಪನಿಯವರು ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. 1929ರಲ್ಲಿ ಗೆದ್ದ ಕಾರಿನ ಲೋಹ ಇದರಲ್ಲಿ ಉಳಿದಿಲ್ಲವೆಂಬಷ್ಟು ಕಡಿಮೆ, ಆದರೂ ಇದು ಓಲ್ಡ್ ನಂಬರ್ ಒನ್ನೇ. ಯಾಕೆಂದರೆ ಇದರ ಬದುಕು ನಡುವೆ ಎಲ್ಲೂ ತುಂಡಾಗಿಲ್ಲ, ಆ ಹೆಸರು ತನ್ನದೆಂದು ಹೇಳಬಲ್ಲ ಬೇರೆ ಕಾರೂ ಇಲ್ಲ.

ಕಾಲೇಜಿನಲ್ಲಿ ಎಂ.ಟೆಕ್ ಮಾಡುವಾಗ ಈ ತೀರ್ಪನ್ನು ಓದಿ ಖುಷಿಪಟ್ಟಿದ್ದೆ. ಗ್ರೀಕರ ಥೀಸಿಯಸ್ಸನ ಹಡಗಿಗಿಂತ ಇದು ನನಗೆ ಹತ್ತಿರ ಎನಿಸಿತ್ತು. ಕಾರಣ ಕೋಟೇಶ್ವರದ ತೇರು. ಕೊಡಿ ಹಬ್ಬದ ದಿನ ಬ್ರಹ್ಮರಥ ಎಳೆಯುವಾಗ, ಇದರ ಯಾವ ತೊಲೆ ಎಷ್ಟು ವರ್ಷದ್ದು ಎಂದು ಹಗ್ಗ ಹಿಡಿದವರು ಯಾರಾದರೂ ಕೇಳುತ್ತಾರೆಯೇ? ಅಜ್ಜ ಎಳೆದ ತೇರನ್ನೇ ನಾನೂ ಎಳೆದೆ, ಅಷ್ಟೆ. ನಮ್ಮ ಕಡೆಯ ದೇವಸ್ಥಾನಗಳನ್ನು ಜೀರ್ಣೋದ್ಧಾರಕ್ಕೆ ಬಿಚ್ಚಿದಾಗ ದೇವರನ್ನು ಬಾಲಾಲಯದಲ್ಲಿ ಇಡುತ್ತಾರೆ. ಗರ್ಭಗುಡಿಯ ಒಂದು ಕಲ್ಲೂ ಉಳಿಯದೆ ಹೊಸದು ಏಳುತ್ತದೆ, ಬ್ರಹ್ಮಕಲಶ ಆಗುತ್ತದೆ, ಗುಡಿ ಮಾತ್ರ ಸಾವಿರ ವರ್ಷದ್ದೇ. ಇನ್ನೂ ಹಿಂದೆ ಹೋದರೆ, ಮಿಲಿಂದ ರಾಜ ರಥ ಹತ್ತಿ ಬಂದಾಗ ಭಿಕ್ಷು ನಾಗಸೇನ ಕೇಳಿದ ಪ್ರಶ್ನೆ ಇದೇ. ಅಚ್ಚು ರಥವೇ? ಚಕ್ರ ರಥವೇ? ನೊಗ? ಯಾವುದೂ ಅಲ್ಲವೆಂದ ಮೇಲೆ ನೀನು ಯಾವುದರಲ್ಲಿ ಬಂದೆ ರಾಜ? ರಥ ಎಂಬುದು ಇಷ್ಟೆಲ್ಲ ಕೂಡಿದಾಗ ನಾವು ಕರೆಯುವ ಒಂದು ಹೆಸರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹರಾಜು ಕಂಪನಿಯವರು ನಾಗಸೇನನನ್ನು ಕರೆಸಿಕೊಂಡಿದ್ದರೆ ಅರ್ಧ ಕೇಟಲಾಗು ಖಾಲಿಯಾಗುತ್ತಿತ್ತು.

ಆದರೆ ಈಗ, ನಲವತ್ತು ದಾಟಿದ ಮೇಲೆ, ಆ ತೀರ್ಪಿನಲ್ಲಿ ನನಗೆ ಕಾಣುವುದು ಬೇರೆ. ಬೆಂಟ್ಲಿಯ ಪ್ರತಿ ಬದಲಾವಣೆಯೂ ಎಲ್ಲರ ಎದುರು ಆದದ್ದು. ಅಪಘಾತ ಪತ್ರಿಕೆಯಲ್ಲಿ ಬಂತು, ರಿಪೇರಿ ಎಲ್ಲರಿಗೂ ಗೊತ್ತಿತ್ತು. ತೇರಿನ ಹೊಸ ಚಕ್ರವೂ ಊರಿನವರ ಎದುರೇ ಬರುತ್ತದೆ, ಮೆರವಣಿಗೆಯಲ್ಲಿ, ವಾದ್ಯದ ಸಮೇತ. ಬದುಕು ತುಂಡಾಗದೆ ಉಳಿಯುವುದು ಲೋಹದಿಂದಲ್ಲ, ನಡುವೆ ಆದದ್ದನ್ನು ಯಾರೂ ಮುಚ್ಚಿಡದೆ ಇದ್ದದ್ದರಿಂದ. ಒಬ್ಬರು ಮುಚ್ಚಿಟ್ಟರೆ ಆ ಜಾಗದಲ್ಲಿ ದಾರ ಕಡಿಯುತ್ತದೆ.

ಬೈಕುಲ್ಲಾದಲ್ಲಿ ಇದಕ್ಕೊಂದು ಸಾಕ್ಷಿ ಇದೆ. ಗ್ಯಾರೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಣಿಬಾಗ್. ಪೆಂಗ್ವಿನ್ ನೋಡಲು ಮಕ್ಕಳನ್ನು ಕರೆದುಕೊಂಡು ಹೋದವರು ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದ ಕಲ್ಲಿನ ಆನೆಯ ಎದುರು ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಆ ಆನೆ ಸಮುದ್ರದ ಆಚೆ ಘಾರಾಪುರಿಯಲ್ಲಿ ಇದ್ದದ್ದು. ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಅದನ್ನು ನೋಡಿಯೇ. 1814ರಲ್ಲಿ ತಲೆ, ಕತ್ತು ಕಳಚಿ ಬಿದ್ದವು. 1864ರಲ್ಲಿ ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಕ್ರೇನು ಕೈಕೊಟ್ಟು ಆನೆ ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು ಹಾಕಿದರು. ಐವತ್ತು ವರ್ಷ ಬಿದ್ದಿದ್ದು 1914ರಲ್ಲಿ ಮತ್ತೆ ಜೋಡಿಸಿದರು. ಹತ್ತಿರ ನಿಂತು ನೋಡಿ, ಜೋಡಿಸಿದ ಗೆರೆಗಳು ಕಾಣುತ್ತವೆ. ಆನೆ ಪೂರ್ತಿ ಅಲ್ಲ, ಸುಂದರವೂ ಅಲ್ಲ. ಆದರೆ ತನಗೆ ಏನಾಯಿತು ಎಂಬುದನ್ನು ಮೈಮೇಲೆ ಹೊತ್ತು ನಿಂತಿದೆ. ಅದೇ ಆವರಣದಲ್ಲಿ ಏಳನೇ ಎಡ್ವರ್ಡ್ ರಾಜ ಕರಿ ಕುದುರೆಯ ಮೇಲೆ ಕೂತಿದ್ದಾನೆ. ಇದೇ ಮೂಲ ಕಾಲಾ ಘೋಡಾ. 1965ರಲ್ಲಿ ಫೋರ್ಟಿನಿಂದ ಎತ್ತಿ ಇಲ್ಲಿ ತಂದು ಇಟ್ಟರು. ಹೆಸರು ಅಲ್ಲೇ ಉಳಿಯಿತು, 2017ರಲ್ಲಿ ಆ ಹೆಸರಿಗೆ ತಕ್ಕಂತೆ ಅಲ್ಲೊಂದು ಹೊಸ ಕುದುರೆಯನ್ನೂ ನಿಲ್ಲಿಸಿದರು, ಸವಾರನಿಲ್ಲದೆ. ಒಟ್ಟಿನಲ್ಲಿ ಕುದುರೆ ಬೈಕುಲ್ಲಾದಲ್ಲಿ, ಹೆಸರು ಫೋರ್ಟಿನಲ್ಲಿ. ಮುಂಬಯಿಗೆ ಬಂದ ನಮ್ಮಲ್ಲಿ ಬಹಳ ಜನರ ಸ್ಥಿತಿಯೂ ಹೆಚ್ಚುಕಡಿಮೆ ಇದೇ, ಮೈ ಒಂದು ಕಡೆ, ಹೆಸರು ಇನ್ನೊಂದು ಕಡೆ.

ಪೆಟಾಚಿಯ ಆಲ್ಫಾಕ್ಕೆ ಬರುತ್ತೇನೆ. ಅಂಥ ಕಾರನ್ನು ರಿಪೇರಿ ಮಾಡುವವನು ಒಂದು ದಿನಾಂಕವನ್ನು ಆರಿಸಿಕೊಳ್ಳಲೇಬೇಕು. ಸಾಮಾನ್ಯವಾಗಿ ಆರಿಸುವುದು ಕಾರ್ಖಾನೆಯ ಬಾಗಿಲು ದಾಟಿದ ದಿನವನ್ನು. ಆ ಬಣ್ಣ, ಆ ಚರ್ಮ, ಆ ಸ್ಕ್ರೂ. ಅದರ ನಂತರದ್ದೆಲ್ಲ ಕೊಳೆ ಎಂದು ಲೆಕ್ಕ. ಕೊಟ್ಟಿಗೆಯಲ್ಲಿ ಕೋಳಿ ಕೂತ ವರ್ಷಗಳು, ಸಿಕ್ಕ ಎಂಜಿನನ್ನು ತುರುಕಿ ಓಡಿಸಿದ ಅಮೆರಿಕದ ದಿನಗಳು, ಇವೂ ಕಾರಿನ ಬದುಕೇ ಅಲ್ಲವೇ? ಅದರಲ್ಲೂ ವಿಚಿತ್ರ ನೋಡಿ, ಮೈಮೇಲಿನ ಗುರುತನ್ನೆಲ್ಲ ಉಜ್ಜಿ ತೆಗೆದು 1939ರ ಹೊಳಪು ತಂದವರೇ, ಮಾರುವಾಗ ಹೇಳುವುದು 1945ರ ಕಥೆ. ರಕ್ತದ ಕಥೆ ಬೇಕು, ಕಲೆ ಬೇಡ. ಫ್ಯಾಸಿಸಂ ಎಷ್ಟು ಮನೆ ಹಾಳುಮಾಡಿತು ಎಂದು ತಿಳಿದವರೂ ಆ ಸೀಟಿನ ಮೇಲೆ ಒಮ್ಮೆ ಕೈಯಾಡಿಸಲು ಆಸೆಪಡುತ್ತಾರೆ. ನಾನೂ ಪಡುತ್ತೇನೆ, ಸುಳ್ಳೇಕೆ. ಅದು ತಪ್ಪೆಂದು ಅನಿಸುವುದಿಲ್ಲ. ತಪ್ಪು ಅನಿಸುವುದು ಆ ಕುತೂಹಲಕ್ಕೆ ದರ ಕಟ್ಟಿ, ಕಥೆ ಸಾಲದಿದ್ದರೆ ಇನ್ನಷ್ಟು ಸೇರಿಸುವುದು. ದುಷ್ಟ ಮುಟ್ಟಿದ ವಸ್ತುವಿಗೆ ಒಳ್ಳೆಯವನು ಮುಟ್ಟಿದ ವಸ್ತುವಿಗಿಂತ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯೇನೂ ಇಲ್ಲ.

ಇದನ್ನೆಲ್ಲ ಬರೆಯುವುದು ಸುಲಭ. ನನ್ನ ಕೈಯಲ್ಲಿ ಇರುವುದು ಆಲ್ಫಾ ಅಲ್ಲ, ಕುರ್ಲಾದಲ್ಲಿ ತಯಾರಾದ ಫಿಯೆಟ್. ಅದರ ಹಿಂದೆಯೂ ಒಂದು ಪೂರ್ವಕಥೆ ಇದೆ. 1930ರ ದಶಕದಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಯುರೋಪು ಅಮೆರಿಕ ಸುತ್ತಿ ಬಂದು ಇಲ್ಲೊಂದು ಕಾರು ಕಾರ್ಖಾನೆ ಆಗಲೇಬೇಕೆಂದು ಯೋಜನೆ ಹಾಕಿದ್ದರು. ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಬ್ರಿಟಿಷ್ ಸರಕಾರ ಆಸಕ್ತಿ ತೋರಲಿಲ್ಲ. 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. ಮುಂದೆ ಇಟಲಿಯ ಫಿಯೆಟ್ 1100 ಅಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಹೆಸರು ಬದಲಾದರೂ ಮುಂಬಯಿಯವರ ಬಾಯಲ್ಲಿ ಅದು ಫಿಯೆಟ್ಟೇ. ಈ ಊರಿನ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಅದೇ ಆಗಿತ್ತು, 2023ರ ಅಕ್ಟೋಬರಿನಲ್ಲಿ ಕೊನೆಯದು ರಸ್ತೆ ಬಿಡುವ ತನಕ.

ಮಿಸ್ತ್ರಿ ತೋರಿಸಿದ್ದು ಏನು ಎಂದು ನೀವು ಊಹಿಸಿರಬಹುದು. ಬಾಗಿಲಿನ ಕೆಳಗಿನ ತುಕ್ಕು ಕೆರೆಯುತ್ತ ಹೋದಾಗ ನಮ್ಮ ಕೆನೆ ಬಣ್ಣದ ಅಡಿಯಲ್ಲಿ ಅದೇ ಕೆನೆಯ ಹಳೆಯ ಪದರ, ಅದರ ಅಡಿಯಲ್ಲಿ ಬೂದು ಪ್ರೈಮರು, ಅದರ ಅಡಿಯಲ್ಲಿ ಕಪ್ಪು. ಅನುಮಾನ ಬಂದು ಮಾಡಿನ ಅಂಚು ಕೆರೆದರೆ ಹಳದಿ. ಆಮೇಲೆ ಎಡಗಡೆಯ ಮುಂದಿನ ಮಡ್‌ಗಾರ್ಡಿನ ಒಳಗೆ ಟಾರ್ಚು ಹಿಡಿದು, ನನ್ನ ಬೆರಳನ್ನೇ ಹಿಡಿದು ಅಲ್ಲಿ ಇಟ್ಟ. ಒಳಗಿನಿಂದ ಹಿತ್ತಾಳೆ ಹಾಕಿ ಬೆಸೆದು ಮುಚ್ಚಿದ ತೂತುಗಳು. ಹಿಂದೆ ಟ್ಯಾಕ್ಸಿಯ ಮೀಟರು ಹೊರಗಡೆ, ಎಡಕ್ಕೆ ಇರುತ್ತಿತ್ತಲ್ಲ, ಅದರ ಬೋಲ್ಟಿನ ಜಾಗ. "ಸಾಬ್, ಯೇ ತೋ ಟ್ಯಾಕ್ಸಿ ಥೀ" ಎಂದು ನಕ್ಕ. ನಂತರ ನನ್ನ ಮುಖ ನೋಡಿ, ಪೇಂಟ್ ಹೊಡೆದರೆ ಯಾರಿಗೂ ಕಾಣುವುದಿಲ್ಲ, ನೀವು ಪಾರ್ಸಿ ಡಾಕ್ಟರ್ ಎಂದೇ ಹೇಳಿ, ಮೂವತ್ತು ನಲವತ್ತು ಸಾವಿರದ ಮಾತು ಎಂದ.

ಕಾಗದಪತ್ರದಲ್ಲಿ ಇದು ಎಲ್ಲೂ ಇಲ್ಲ. ಹಳೆಯ ಆರ್‌ಸಿ ಪುಸ್ತಕ 2005ರ ಜುಲೈ 26ರ ನೆರೆಯಲ್ಲಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ನೆನೆದು ಮುದ್ದೆಯಾಗಿತ್ತು. ಎಂಜಿನ್ನೂ ಆಗಲೇ ಹೋಯಿತು, ಈಗಿರುವುದು ಇನ್ನೊಂದು ಪದ್ಮಿನಿಯದು. ಹುಡುಗನಿಗೆ ಇದನ್ನು ವಿಂಟೇಜ್ ಎಂದು ನೋಂದಾಯಿಸುವ ಆಸೆ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ, ಚಾಸಿ, ಮೈ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗದ ವಾಹನಕ್ಕೆ ವಿಎ ಅಕ್ಷರಗಳ ಬೇರೆ ನಂಬರು ಸಿಗುತ್ತದೆ. ಗಣನೀಯ ಎಂದರೆ ಎಷ್ಟು? ಮೂಲ ರೂಪ ಯಾವುದು, ಕೆನೆಯೋ, ಕಪ್ಪು ಹಳದಿಯೋ? ಮೇಲೆ ಹೇಳಿದ ರಿಪೇರಿಯವರ ತರ್ಕ ಹಿಡಿದರೆ ನಾನು ಮೀಟರು ಹುಡುಕಿ ತಂದು ಹಚ್ಚಬೇಕು.

ನಾನು ಮಾಡುವ ಕೆಲಸದಲ್ಲಿ ಹೇಳದೆ ಬಿಡುವುದು ಒಂದು ವಿದ್ಯೆ. ಸಿಸ್ಟಂ ಆರು ಗಂಟೆ ನಿಂತಾಗ ಗ್ರಾಹಕರಿಗೆ ಹೋಗುವ ವರದಿಯಲ್ಲಿ ಒಂದು ಸುಳ್ಳು ವಾಕ್ಯ ಇರುವುದಿಲ್ಲ, ನಿಜವೂ ಇರುವುದಿಲ್ಲ. "ಸಮಸ್ಯೆಯನ್ನು ಗುರುತಿಸಿ ಸರಿಪಡಿಸಲಾಗಿದೆ." ಇಂಥವನ್ನು ನಾನೇ ತಿದ್ದಿ ಕಳಿಸುತ್ತೇನೆ. ಹಾಗಾಗಿ ಮಿಸ್ತ್ರಿಯ ಸಲಹೆ ಕೇಳಿ ಮೈಯೇನೂ ಉರಿಯಲಿಲ್ಲ. ತಡೆದದ್ದು ಬೇರೆ ಯೋಚನೆ. ಹುಡುಗನಿಗೆ ನಿಜ ಹೇಳಿದರೆ ನಾನು ಪ್ರಾಮಾಣಿಕ. ಸರಿ. ಆದರೆ ಬಯಲಿಗೆ ಬರುವ ಸುಳ್ಳು ನನ್ನದಲ್ಲವಲ್ಲ? ಅಪ್ಪಯ್ಯ ಈ ಕಥೆಯನ್ನು ಮೂವತ್ತೆಂಟು ವರ್ಷದಿಂದ ಹೇಳಿದ್ದಾರೆ. ಊರಿಗೆ ಕಾರಿನಲ್ಲೇ ಹೋದ ಎರಡು ಸಲವೂ ಜಗಲಿಯಲ್ಲಿ ಕೂತು ಹೇಳಿದ್ದು ನನಗೆ ನೆನಪಿದೆ. ಮಾರಿದವನು ಅವರಿಗೆ ಮೋಸ ಮಾಡಿದ್ದರೆ, ಎಂಭತ್ತೊಂದರ ವಯಸ್ಸಿನಲ್ಲಿ ಅದನ್ನು ತಿಳಿಸಿ ಯಾವ ಉಪಕಾರ? ಅವರಿಗೆ ಮೊದಲೇ ಗೊತ್ತಿದ್ದರೆ?

ಮನುಷ್ಯರಿಗೆ ಪೂರ್ವಾಶ್ರಮವನ್ನು ಮುಚ್ಚಿಡುವ ಹಕ್ಕನ್ನು ನಾವು ಕೊಟ್ಟಿದ್ದೇವೆ. ಸನ್ಯಾಸಿಯ ಊರು ಮನೆ ಕೇಳುವುದಿಲ್ಲ. ಈ ನಗರಕ್ಕೆ ಬಂದವರಿಗೂ ಅದೇ ರಿಯಾಯಿತಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿ, ಆಮೇಲೆ ಕ್ಯಾಶಿಯರ್ ಆಗಿ, ಮುಂದೆ ಬ್ಯಾಂಕು ಸೇರಿದ ತಲೆಮಾರು ಅದು. ಊರಿಗೆ ಪತ್ರ ಬರೆಯುವಾಗ ಲೋಟದ ವಿಷಯ ಎಷ್ಟು ಜನ ಬರೆದಿದ್ದಾರು? ಅದನ್ನು ಸುಳ್ಳು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಮಾರಾಟದ ವಸ್ತುವಿಗೆ ಮಾತ್ರ ಆ ಹಕ್ಕಿಲ್ಲ, ಕೊಳ್ಳುವವನಿಗೆ ಮೂಲ ಕೇಳುವ ಅಧಿಕಾರ ಇದೆ. ಇಷ್ಟರವರೆಗೆ ಸ್ಪಷ್ಟ. ತೊಡಕು ಎಲ್ಲಿ ಎಂದರೆ, ವಸ್ತುವಿನ ಬಣ್ಣ ಕೆರೆದಾಗ ಮನುಷ್ಯನ ಬಣ್ಣವೂ ಜೊತೆಗೇ ಏಳುತ್ತದೆ.

ಎರಡು ರಾತ್ರಿ ಕಳೆದು ಕೋಟೇಶ್ವರಕ್ಕೆ ಫೋನ್ ಮಾಡಿದೆ. ಬಾಗಿಲಿನ ತುಕ್ಕು ತೆಗೆಸುತ್ತಿದ್ದೇನೆ ಎಂದಷ್ಟೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟಿವಿಯ ಸದ್ದು ಕೇಳುತ್ತಿತ್ತು.

"ಕಪ್ಪ್ ಕಂಡ್ತಾ?"

ಹೌದು ಅಪ್ಪಯ್ಯ ಎಂದೆ.

"ಮೀಟ್ರಿನ ತೂತು ನಾನೇ ಮುಚ್ಸಿದ್ದ್. ನಾಗಪಾಡಾದಲ್ಲಿ ಒಬ್ಬ ಇದ್ದಿದ್ದ, ಲಾಯ್ಕ್ ಕೆಲ್ಸ ಮಾಡ್ತಿದ್ದ." ಆಮೇಲೆ, ಕೇಳದೆಯೇ ಹೇಳಿದರು. ಆಗ ನನ್ನ ಅತ್ತೆಯ ಮದುವೆಯ ಮಾತುಕತೆ ನಡೆಯುತ್ತಿತ್ತಂತೆ. ಹುಡುಗನ ಕಡೆಯವರು ಮುಂಬಯಿಗೆ ಬರುವವರಿದ್ದರು. ಟ್ಯಾಕ್ಸಿ ಅರ್ಧ ಬೆಲೆಗೆ ಸಿಕ್ಕಿತು. ಬಣ್ಣ ಹೊಡೆಸಿ ಸ್ಟೇಷನ್ನಿಗೆ ಕರೆತರಲು ಹೋದರು. ದಾರಿಯಲ್ಲಿ ಅವರು ಕೇಳಿದರು, ಯಾರ ಕಾರಿತ್ತು ಎಂದು. ಬಾಯಿಗೆ ಬಂದದ್ದು ಪಾರ್ಸಿ ಡಾಕ್ಟರ್. "ಒಮ್ಮೆ ಹೇಳಿದ್ ಮೇಲೆ ಮತ್ತೆ ಬದ್ಲ್ಸುಕೆ ಆತಿಲ್ಲೆ." ಅಷ್ಟು ಹೇಳಿ ಮುಂಬಯಿಯಲ್ಲಿ ಸೆಕೆ ಹೇಗಿದೆ ಎಂದು ವಿಚಾರಿಸಿದರು. ಕೊಳ್ಳುವವನಿಗೆ ಹೇಳಲೋ ಬೇಡವೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳು ಎನ್ನುತ್ತಿದ್ದರು, ಅದು ಗೊತ್ತಿದ್ದೇ ಕೇಳಲಿಲ್ಲವೇನೋ.

ಹುಡುಗನಿಗೆ ಅಂದೇ ಬರೆದೆ. 1975ರ ಪದ್ಮಿನಿ. 1986ರವರೆಗೆ ಟ್ಯಾಕ್ಸಿ. ಮೀಟರಿನ ತೂತುಗಳನ್ನು ಎಡ ಮಡ್‌ಗಾರ್ಡಿನ ಒಳಗೆ ನೋಡಬಹುದು, ಕೆಲಸ ಚೆನ್ನಾಗಿದೆ. ಎಂಜಿನ್ 2005ರಲ್ಲಿ ಬದಲಾಗಿದೆ. ವಿಂಟೇಜ್ ನಂಬರು ಸಿಗುತ್ತದೆ ಎಂದು ನಾನು ಹೇಳಲಾರೆ. ಕೊನೆಗೆ ಒಂದು ಸಾಲು ಬರೆದು, ಅಳಿಸಿ, ಮತ್ತೆ ಬರೆದೆ: ನಮ್ಮ ಮನೆಯಲ್ಲಿ ಇದನ್ನು ಪಾರ್ಸಿ ಡಾಕ್ಟರರ ಕಾರು ಎಂದು ಕರೆಯುತ್ತಿದ್ದೆವು.

ನಾಲ್ಕು ದಿನ ಆಯಿತು, ಉತ್ತರ ಬಂದಿಲ್ಲ. ಬಾಗಿಲಿಗೆ ಬಣ್ಣ ಹೊಡೆಯಲೇ ಎಂದು ಮಿಸ್ತ್ರಿ ನಿನ್ನೆ ಮತ್ತೆ ಕೇಳಿದ. ಸ್ವಲ್ಪ ತಡಿ ಎಂದಿದ್ದೇನೆ.